ಡ್ರಮ್ಮಿನ ಹಿಂದಿನ ಹೈಡ್ರೇಂಜಿಯ

ನಮ್ಮ ಹಿತ್ತಲಿಗೆ ಬಿಸಿಲೆಂದರೆ ಬೆಳಿಗ್ಗೆ ಬಂದು ಮುಖ ತೋರಿಸಿ ಹೋಗುವ ನೆಂಟ. ಆಮೇಲೆ ಸಂಜೆಯವರೆಗೂ ಪಕ್ಕದ ಮನೆಯ ನೆರಳೇ. ಗುಲಾಬಿ ಹಾಕಿದೆ, ಸೊರಗಿತು. ಸೇವಂತಿಗೆ ಹಾಕಿದೆ, ಕಡ್ಡಿಯಾಯಿತು.

"ನೆರಳಲ್ಲಿ ಪಾಚಿ ಚೆನ್ನಾಗಿ ಬೆಳಿಯುತ್ತೆ, ಅದನ್ನೇ ಮುಡ್ಕೋ" ಎಂದರು ಅತ್ತೆ.

ನನಗೆ ಮೈಯೆಲ್ಲ ಉರಿಯಿತು. ಅವತ್ತೇ ನರ್ಸರಿಗೆ ಹೋಗಿ, ಮಧ್ಯಾಹ್ನದ ಬಿಸಿಲು ಕಂಡರಾಗದ ಗಿಡ ಯಾವುದೆಂದು ಕೇಳಿ, ಮೂರು ಹೈಡ್ರೇಂಜಿಯ ತಂದು ನೆಟ್ಟೆ. ಎಲೆಗೊಬ್ಬರ ಹಾಕಿದೆ, ಬುಡ ಒಣಗದ ಹಾಗೆ ನೀರು ಕೊಟ್ಟೆ. ಎಲೆಗಳು ಅಂಗೈಗಿಂತ ಅಗಲವಾದವು. ಹೂವು ಮಾತ್ರ ಎರಡು ವರ್ಷವಾದರೂ ಇಲ್ಲ.

ನನ್ನ ಗಂಡನದು ಕಟಿಂಗ್ ಶಾಪು. ಕತ್ತರಿ ಹಿಡಿಯದಿದ್ದರೆ ಇವರಿಗೆ ಕೈ ತುರಿಸುತ್ತದೆ. ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿ ಉಳಿದಾಗ ಇವರು ಗಿಡಗಳನ್ನು ಗಿಡ್ಡಗೆ, ಸುತ್ತಲೂ ಸಮಕ್ಕೆ ಕತ್ತರಿಸಿ, ಹಿಂದೆ ಸರಿದು, ತಲೆ ಓರೆ ಮಾಡಿ ನೋಡುತ್ತಿದ್ದರು. "ಈಗ ನೋಡು, ಎಷ್ಟು ಲಕ್ಷಣ!" ಗಿರಾಕಿಗೆ ಕನ್ನಡಿ ಹಿಡಿಯುವುದೊಂದು ಬಾಕಿ.

ಕೊನೆಗೆ ಒಂದು ಬೇಸಿಗೆಯಲ್ಲಿ ಗಾರೆಯವನನ್ನು ಕರೆಸಿಯೇಬಿಟ್ಟರು. ಹಿತ್ತಲಿಗೆ ಸಿಮೆಂಟು ಬಳಿಸಿ ಅಂಗಡಿಯ ಹಳೇ ಸಾಮಾನು ಇಡುವ ಲೆಕ್ಕಾಚಾರ. ಒಂದು ಹಳೇ ಕುರ್ಚಿ ಆಗಲೇ ಬಂದು ಠಿಕಾಣಿ ಹೂಡಿತ್ತು.

ಗಾರೆಯವನು ನೀರಿನ ಡ್ರಮ್ಮು ಸರಿಸಿದ. ಗೋಡೆಗೂ ಡ್ರಮ್ಮಿಗೂ ನಡುವೆ ಸಿಕ್ಕಿಕೊಂಡಿದ್ದ ಒಂದು ಸೊಟ್ಟ ರೆಂಬೆ ಈಚೆ ಬಂತು. ಅದರ ತುದಿಯಲ್ಲಿ ಮಗುವಿನ ತಲೆಯಷ್ಟು ದೊಡ್ಡ ತಿಳಿನೀಲಿ ಹೂಗೊಂಚಲು! ನನ್ನ ಕಣ್ಣು ತುಂಬಿಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಅಷ್ಟು ಗಿಡಗಳಲ್ಲಿ ಇವರ ಕತ್ತರಿಗೆ ಸಿಗದೆ ಉಳಿದಿದ್ದು ಅದೊಂದೇ ರೆಂಬೆ.

"ಹೂವಾಗೋ ಮೊಗ್ಗು ಆ ಹಳೇ ಕಡ್ಡಿಯಲ್ಲೇ ಇರುತ್ತೆ ಕಣ್ರೀ! ವರ್ಷಾ ವರ್ಷಾ ನೀವೇ ಅದನ್ನ ಕತ್ತರಿಸಿ ಬಿಸಾಕಿದ್ದು!"

ಇವರು ಹೂವನ್ನು ನೋಡಿದರು, ನನ್ನನ್ನು ನೋಡಿದರು. "ಮುಂದಿನ ಬೇಸಿಗೆಗೆ ಮೂರೂ ಗಿಡ ಹೂ ಬಿಡ್ಲಿ. ಇಲ್ಲಾಂದ್ರೆ ಸಿಮೆಂಟೇ" ಎಂದು ಗಾರೆಯವನನ್ನು ಕಳಿಸಿದರು.

ಮತ್ತೆ ಚಳಿಗಾಲ ಬಂತು. ಗಿಡಗಳು ಕೆದರಿದ ತಲೆಯ ಹಾಗಾದವು. ಪಕ್ಕದ ಮನೆಯವರು ಮಹಡಿಯಿಂದ ಬಗ್ಗಿ ನೋಡಿ, "ಊರಿಗೆಲ್ಲ ಕಟಿಂಗ್ ಮಾಡ್ತೀರಿ, ಇದಕ್ಕೆ ಯಾರೂ ಇಲ್ವಾ?" ಎಂದು ನಕ್ಕರು. ಅಷ್ಟು ಸಾಕಾಯಿತು. ಇವರು ಕತ್ತರಿ ಹಿಡಿದು ಹಿತ್ತಲಿಗೆ ನಡೆದರು.

ನಾನು ಓಡಿಹೋಗಿ ಆ ಹಳೇ ಕುರ್ಚಿಯನ್ನು ಗಿಡಗಳ ಮುಂದೆ ಎಳೆದು ಕುಳಿತೆ. ಸೊಂಟದವರೆಗಿನ ಜಡೆಯನ್ನು ಬಿಚ್ಚಿದೆ.

"ಕತ್ತರಿ ಆಡಿಸ್ಲೇಬೇಕಾ? ಆಡಿಸಿ. ಇಲ್ಲಿ ಆಡಿಸಿ."

"ಹುಚ್ಚು ಹಿಡೀತೇನೇ ನಿಂಗೆ?" ಅತ್ತೆ ಬಾಗಿಲಲ್ಲೇ ಕೂಗಿಕೊಂಡರು. "ಆ ಜಡೆ ನೋಡೇ ಅಲ್ವೇನೇ ನಿನ್ನ ಒಪ್ಪಿದ್ದು!"

"ನನ್ನ ಕೂದಲು ಮತ್ತೆ ಬರುತ್ತೆ ಅತ್ತೆ. ಇದರ ಮೊಗ್ಗು ಹೋದ್ರೆ ಈ ವರ್ಷಕ್ಕೆ ಹೋದಂಗೇ. ನಂಗೆ ಹಿತ್ತಲು ಬೇಕು. ಮಾಡ್ರೀ."

ಇವರು ಕುರ್ಚಿಯ ಹಿಂದೆ ಬಂದು ನಿಂತರು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ ನನ್ನ ಕುತ್ತಿಗೆಗೆ ಸುತ್ತಿದರು. ಗಿರಾಕಿಗಳನ್ನು ಕೇಳುವ ದನಿಯಲ್ಲೇ, ಮೆಲ್ಲಗೆ ಕೇಳಿದರು:

"ಎಷ್ಟು ಗಿಡ್ಡ ಮಾಡ್ಲಿ?"

"ಗಿಡಕ್ಕೆ ಎಷ್ಟು ಮಾಡ್ತಿದ್ರೋ ಅಷ್ಟೇ."

ಬೇಸಿಗೆಗೆ ಮೂರೂ ಗಿಡ ಹೂ ಬಿಟ್ಟವು, ರೆಂಬೆ ಬಾಗುವಷ್ಟು. ಪಕ್ಕದ ಮನೆಯವರು ಮಹಡಿಯಿಂದ ಬಗ್ಗಿ ಒಂದು ಹೂ ಕೇಳಿದರು. ನಾನು ಗಿಡ್ಡ ಕೂದಲನ್ನು ಕಿವಿಯ ಹಿಂದೆ ಸರಿಸಿ, ತಲೆಯೆತ್ತಿ ಹೇಳಿದೆ:

"ಇಲ್ಲಿ ಕತ್ತರಿ ಹಾಕೋ ಹಾಗಿಲ್ಲ. ಅಲ್ಲಿಂದಲೇ ನೋಡ್ಕೊಳ್ಳಿ."