ಹನ್ನೊಂದನೆಯ ಹಲ್ಲು

ನಮ್ಮ ಮನೆಯಲ್ಲಿ ಮಾವ ಸೊಸೆ ಹದಿಮೂರು ದಿನ ಮಾತು ಬಿಟ್ಟಿದ್ದರು. ಅಷ್ಟು ದಿನವೂ ಅವರ ಮಾತನ್ನು ಅಲ್ಲಿಂದಿಲ್ಲಿಗೆ ಹೊತ್ತವಳು ನಾನು. ಆದ ತಪ್ಪಿನಲ್ಲಿ ನನಗೂ ಪಾಲಿದೆ.

ನಮ್ಮವರು ಕಾರ್ ಮೆಕ್ಯಾನಿಕ್. ಮನೆಯ ಹಿಂದೆಯೇ ಅವರ ಶೆಡ್ಡು. ಸೊಸೆ ಹಲ್ಲಿನ ಡಾಕ್ಟರು, ಮನೆಯ ಮುಂದಿನ ಕೋಣೆಯಲ್ಲಿ ಅವಳ ಕ್ಲಿನಿಕ್ಕು. "ಮುಂದುಗಡೆ ಮನುಷ್ಯರ ಹಲ್ಲು, ಹಿಂದುಗಡೆ ಗೇರಿನ ಹಲ್ಲು, ನಡುವೆ ಕಟ್ಟಿಸಿಕೊಂಡ ಹಲ್ಲಿನವಳು ಇವಳು" ಎಂದು ನಮ್ಮವರು ನೆಂಟರ ಮುಂದೆ ನನ್ನನ್ನು ತೋರಿಸಿ ನಗಿಸುತ್ತಾರೆ. ನಮ್ಮ ಮಗನಿಗೆ ಕಾರು ಹತ್ತಿದರೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಅಪ್ಪನ ಕಾರಿನ ಹುಚ್ಚು ಮಗನನ್ನು ದಾಟಿಕೊಂಡು ಸೊಸೆಗೆ ಹೋಯಿತು.

ಆ ಕೆಂಪು ಕಾರನ್ನು ನಮ್ಮವರು ಮೂವತ್ತೊಂದು ವರ್ಷದ ಹಿಂದೆ ಗುಡ್ಡ ಹತ್ತುವ ಓಟಕ್ಕೆಂದೇ ಕಟ್ಟಿದ್ದು. ಊರಾಚೆಯ ಗುಡ್ಡವನ್ನು ಅವರು ಒಂದು ನಿಮಿಷ ಐವತ್ತೆರಡು ಸೆಕೆಂಡಿನಲ್ಲಿ ಹತ್ತಿದ್ದರು. ಆ ಸಮಯ ಬರೆದ ಚೀಟಿ ಶೆಡ್ಡಿನ ಗೋಡೆಯಲ್ಲಿ ಹಳದಿಯಾಗಿ ಕೂತಿತ್ತು. ಸೊಸೆ ಮೂರು ವರ್ಷದಿಂದ ಅದೇ ಕಾರಿನಲ್ಲಿ ಆ ದಾಖಲೆ ಮುರಿಯಲು ನೋಡುತ್ತಿದ್ದಳು. ಹೋದ ವರ್ಷ ಓಟ ಮುಗಿಯುವ ಗೆರೆ ಮೂವತ್ತು ಅಡಿ ದೂರವಿರುವಾಗ ಮೂರನೆಯ ಗೇರಿನ ವೇಗ ಮುಗಿದು, ನಾಲ್ಕಕ್ಕೆ ಹಾಕುವಷ್ಟರಲ್ಲಿ ಅರ್ಧ ಸೆಕೆಂಡು ಹೋಯಿತು. ಮುಂದಿನ ವರ್ಷ ಆ ರಸ್ತೆಯನ್ನು ಅಗಲ ಮಾಡಿ ತಿರುವುಗಳನ್ನೆಲ್ಲ ನೇರ ಮಾಡುತ್ತಾರಂತೆ. ಈ ಸಲದ್ದೇ ಕೊನೆಯ ಓಟ.

ಅಷ್ಟರಲ್ಲಿ ಕಾರಿನ ಹಿಂದಿನ ಆಕ್ಸಲ್‌ನೊಳಗಿನ ಗೇರಿನ ಹಲ್ಲು ಮುರಿಯಿತು. ಅಲ್ಲಿ ಕ್ರೌನ್ ಎಂಬ ಅಗಲವಾದ ಹಲ್ಲುಚಕ್ರವೂ ಅದನ್ನು ತಿರುಗಿಸುವ ಪಿನಿಯನ್ ಎಂಬ ಪುಟ್ಟದೂ ಇರುತ್ತವೆ. ಕ್ರೌನ್ ಒಂದು ಸುತ್ತು ಬರಲು ಪಿನಿಯನ್ ಎಷ್ಟು ಸುತ್ತಬೇಕೋ ಅದೇ ಅನುಪಾತ. ಹೆಚ್ಚು ಸುತ್ತಬೇಕಾದರೆ ಕಾರು ಚಿಮ್ಮಿಕೊಂಡು ಹೊರಡುತ್ತದೆ, ಆದರೆ ಒಂದೊಂದು ಗೇರೂ ಬೇಗ ಮುಗಿಯುತ್ತದೆ. ಕಡಿಮೆಯಾದರೆ ಏಳುವುದು ನಿಧಾನ, ಎಳೆಯುವುದು ದೂರ. ನಮ್ಮವರು ಹಳೆಯ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿ ಎರಡು ಜೋಡಿ ತಂದರು. ಮನೆಯಲ್ಲಿ ಅವುಗಳಿಗೆ ದೊಡ್ಡದು, ಚಿಕ್ಕದು ಎಂದೇ ಹೆಸರಾಯಿತು.

ಜಗಳವಾದ ದಿನ ನಾನು ಚಹಾ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ನಮ್ಮವರು ಕಾರಿನ ಕೆಳಗಿದ್ದರು, ಪಾದ ಮಾತ್ರ ಕಾಣುತ್ತಿತ್ತು.

"ದೊಡ್ಡದೇ ಹಾಕ್ತೀನಮ್ಮ, ನೀನು ಯೋಚನೆ ಮಾಡ್ಬೇಡ."

"ಬೇಡ ಮಾವ, ಚಿಕ್ಕದು ಹಾಕಿ."

"ಆ ಗುಡ್ಡ ನನಗೆ ಗೊತ್ತಿಲ್ವಾ? ದೊಡ್ಡದೇ ಸರಿ."

"ಗೊತ್ತಿದ್ದೂ ದೊಡ್ಡದು ಅಂತೀರಲ್ಲ. ಗೋಡೆ ಮೇಲಿನ ಚೀಟಿ ಹಾಗೇ ಇರ್ಲಿ ಅಂತಾನಾ?"

ಕೆಳಗಿನ ಸ್ಪ್ಯಾನರ್ ಸದ್ದು ನಿಂತಿತು. ಪಾದಗಳು ಅಲುಗಲಿಲ್ಲ. ಸೊಸೆಯ ಮುಖ ಆಗಲೇ ಬಾಡಿತ್ತು, ಆದರೆ ಆಡಿದ ಮಾತನ್ನು ನುಂಗಿಕೊಳ್ಳುವುದು ಹೇಗೆ? ಅವಳು ಕ್ಲಿನಿಕ್ಕಿಗೆ ಹೋಗಿಬಿಟ್ಟಳು.

ಅಂದಿನಿಂದ ನಾನೇ ಅಂಚೆ. "ಅವಳಿಗೆ ಹೇಳು, ಮೇಲಿನ ನೇರ ದಾರೀನ ನೆನೆಸಿಕೊಂಡು ನೋಡಲಿ, ದೊಡ್ಡದೇ ಬೇಕು" ಎನ್ನುವರು ಇವರು. "ಅತ್ತೆ, ಅವರಿಗೆ ಹೇಳಿ, ನೆನೆಸಿಕೊಂಡೇ ಚಿಕ್ಕದು ಅಂತಿರೋದು" ಎನ್ನುವಳು ಅವಳು. ನಾನು ಒಂದಕ್ಷರ ಬದಲಿಸದೆ ಒಪ್ಪಿಸುತ್ತಿದ್ದೆ. ಬದಲಿಸಿದರೆ ತಾನೆ ತಪ್ಪು ಎಂದುಕೊಂಡಿದ್ದೆ. ಗಣಿತದಲ್ಲಿ ಪದವಿ ಪಡೆದವಳು, ಏನು ದೊಡ್ಡದು, ಏನು ಚಿಕ್ಕದು ಎಂದು ಒಂದು ಸಲವೂ ಕೇಳಲಿಲ್ಲ. ಮಗನನ್ನು ನಡುವೆ ಬಾ ಎಂದರೆ, "ಎತ್ತು ಏರಿಗೆ, ಕೋಣ ನೀರಿಗೆ. ನಾನ್ಯಾಕೆ ನೊಗ ಆಗ್ಲಿ?" ಎಂದು ಪೇಪರ್ ಮಡಿಸಿಕೊಂಡು ಎದ್ದುಹೋದ.

ಮಾತು ಬಿಟ್ಟಿದ್ದರು ಅಷ್ಟೆ. ಬಾಯೊಳಗೆ ಇಟ್ಟು ನೋಡುವ ಉದ್ದ ಹಿಡಿಯ ಪುಟ್ಟ ಕನ್ನಡಿ ಒಂದು ಬೆಳಗ್ಗೆ ನಮ್ಮವರ ಸಾಮಾನಿನ ತಟ್ಟೆಯಲ್ಲಿತ್ತು. ಆಕ್ಸಲ್‌ನ ಮೂಲೆ ನೋಡಲು ಇವರು ಕುತ್ತಿಗೆ ತಿರುಚುವುದನ್ನು ಅವಳು ಕಿಟಕಿಯಿಂದ ಕಂಡಿರಬೇಕು. ಇವರು ಅದನ್ನೇ ಬಳಸಿ, ಸಂಜೆ ಒರೆಸಿ, ಕರವಸ್ತ್ರದಲ್ಲಿ ಸುತ್ತಿಟ್ಟರು. ಮರುದಿನ ನೋಡಿದರೆ ಕ್ಲಚ್ ಪೆಡಲ್ಲಿಗೆ ಹೊಸ ರಬ್ಬರು ಕಟ್ಟಿದ್ದರು, ಅವಳ ಸಣ್ಣ ಕಾಲಿನ ಅಳತೆಗೆ, ಒಂದಂಗುಲ ಎತ್ತರವಾಗಿ.

ಶುಕ್ರವಾರ ಸಂಜೆ ಇವರು ಕೈ ತೊಳೆಯುತ್ತಾ ನೆಲ ನೋಡಿಕೊಂಡು ಹೇಳಿದರು: "ಅವಳಿಗೆ ಹೇಳು, ಚಿಕ್ಕದೇ ಹಾಕಿದೀನಿ. ಓಡಿಸೋಳು ಅವಳು."

ಹೇಳಿದೆ. ಸೊಸೆ ಕೈಗವಸು ಬಿಚ್ಚುತ್ತಿದ್ದವಳು ಹಾಗೇ ಕುಳಿತಳು. "ಸೋತುಕೊಟ್ರಲ್ಲ ಅತ್ತೆ. ನಾನು ಅಂಥ ಮಾತು ಆಡಬಾರದಿತ್ತು" ಎಂದಳು. ಬೆಳಗ್ಗೆ ತಾನೇ ಹೋಗಿ ಕ್ಷಮೆ ಕೇಳುತ್ತೇನೆ ಎಂದೂ ಹೇಳಿದಳು.

ಶನಿವಾರ ಬೆಳಗ್ಗೆ ಅವಳಿಗಿಂತ ಮುಂಚೆ ಚಹಾ ತೆಗೆದುಕೊಂಡು ನಾನು ಹೋದೆ. ಮೇಜಿನ ಮೇಲೆ ಉಳಿದ ಜೋಡಿ ಹಳೇ ಪೇಪರಿನ ಮೇಲೆ ಒರಗಿತ್ತು.

"ದೊಡ್ಡದು ಪಾಪ ಇಲ್ಲೇ ಉಳೀತು" ಎಂದರು ಇವರು, ಮದುವೆ ತಪ್ಪಿದ ಹೆಣ್ಣಿನ ಬಗ್ಗೆ ಹೇಳುವ ಹಾಗೆ.

ಚಹಾ ಆರುವವರೆಗೆ ನಾನು ಪಿನಿಯನ್ ಎತ್ತಿಕೊಂಡು ಸುಮ್ಮನೆ ಹಲ್ಲು ಎಣಿಸಿದೆ. ಹನ್ನೊಂದು. ಕ್ರೌನಿನದು ನಲವತ್ತೊಂದು. ಮನಸ್ಸು ತಾನಾಗಿಯೇ ಭಾಗಿಸಿತು. ಮೂರು ಪಾಯಿಂಟ್ ಏಳು ಮೂರು. ಆ ಅಂಕಿಯನ್ನು ನಾನು ದಿನಾ ನೋಡುತ್ತಿದ್ದೆ. ಫ್ರಿಜ್ ಬಾಗಿಲಿಗೆ ಸೊಸೆ ಅಂಟಿಸಿದ್ದ ಲೆಕ್ಕದ ಹಾಳೆಯಲ್ಲಿ ಅದಕ್ಕೇ ಕೆಂಪು ಸುತ್ತು ಹಾಕಿತ್ತು.

"ರೀ, ಇದನ್ನ ದೊಡ್ಡದು ಅಂತ ಯಾಕಂತೀರಿ?"

"ಮತ್ತೆ? ಕ್ರೌನ್ ಎರಡರದ್ದೂ ಒಂದೇ. ಪಿನಿಯನ್ ನೋಡು, ಇದಕ್ಕೆ ಹನ್ನೊಂದು ಹಲ್ಲು, ಅದಕ್ಕೆ ಹತ್ತು. ಪಿನಿಯನ್ ದೊಡ್ಡದು. ನಮ್ಮ ಗುರುಗಳೂ ಹಾಗೇ ಅಂತಿದ್ರು."

"ಒಳಗೆ ಹಾಕಿರೋದು ನಲವತ್ತೊಂದಕ್ಕೆ ಹತ್ತು. ನಾಲ್ಕು ಪಾಯಿಂಟ್ ಒಂದು. ಅವಳು ದೊಡ್ಡದು ಅನ್ನೋದು ಅದಕ್ಕೆ ಕಣ್ರೀ. ಅವಳು ಅಂಕಿ ನೋಡ್ತಾಳೆ, ನೀವು ಹಲ್ಲು ನೋಡ್ತೀರಿ. ಇಬ್ಬರಿಗೂ ಬೇಕಾಗಿದ್ದು ಇದೇ."

ಇವರು ಹಳೇ ಟಯರಿನ ಮೇಲೆ ಮೆಲ್ಲಗೆ ಕುಳಿತರು. ಬಾಗಿಲಲ್ಲಿ ಸೊಸೆ ನಿಂತಿದ್ದಳು. ಕ್ಷಮೆ ಕೇಳಲು ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಂದ್ರೆ ಮಾವ, ಈಗ ಕಾರಲ್ಲಿರೋದು ನಿಮಗೂ ಬೇಡ, ನನಗೂ ಬೇಡ?"

"ನೀನು ಕೇಳ್ದೆ ಅಂತ ಹಾಕ್ದೆ. ಅದನ್ನ ಬಿಗಿಯೋವಾಗ ಕೈ ಬರ್ತಿರ್ಲಿಲ್ಲ." ತಲೆಯೆತ್ತಿ ಕೇಳಿದರು, "ಹಲ್ಲಿನ ಡಾಕ್ಟರು ನೀನು. ಬಂದು ಒಂದ್ಸಲ ಹಲ್ಲು ಎಣಿಸಬಾರದಿತ್ತಾ?"

"ಬಾಯಿ ಬಿಟ್ರೆ ತಾನೆ ಮಾವ ಹಲ್ಲು ಎಣಿಸೋದು? ನೀವು ಬಾಯಿ ಮುಚ್ಚಿಕೊಂಡು ಹದಿಮೂರು ದಿನ ಆಯ್ತು."

ನಮ್ಮವರು ನಕ್ಕರು. ಅವಳು ನಗಲು ಹೋಗಿ ಅತ್ತಳು. "ಚೀಟಿ ಮಾತು ಆಡಬಾರದಿತ್ತು" ಎಂದಳು. "ಯಾವ ಚೀಟಿ?" ಎಂದರು ಇವರು, ಮತ್ತು ಸ್ಪ್ಯಾನರ್ ಎತ್ತಿ ಅವಳ ಕೈಗೆ ಕೊಟ್ಟರು.

ಅವತ್ತಿನ ರೋಗಿಗಳಿಗೆಲ್ಲ ನಾನೇ ಫೋನ್ ಮಾಡಿ ಸೋಮವಾರ ಬರಲು ಹೇಳಿದೆ. ಆಕ್ಸಲ್ ಮತ್ತೆ ಬಿಚ್ಚಿದರು. ತೆಳ್ಳನೆಯ ವಾಷರುಗಳನ್ನು ಒಂದೊಂದಾಗಿ ಅಳೆದು ಹಾಕಿದರು. ಹಲ್ಲಿಗೆ ಬಣ್ಣ ಸವರಿ ಕೈಯಿಂದ ತಿರುಗಿಸಿ, ಎಲ್ಲಿ ತಾಗುತ್ತದೆಂದು ಕನ್ನಡಿ ಹಿಡಿದು ನೋಡುವ ಕೆಲಸ ಸೊಸೆಯದು. ಕ್ಲಿನಿಕ್ಕಿನಲ್ಲಿ ನೀಲಿ ಕಾಗದ ಕಚ್ಚಿಸಿ ನೋಡುವವಳಿಗೆ ಇದೇನು ಹೊಸದಲ್ಲ. "ತುದಿಗೆ ತಾಗ್ತಿದೆ ಮಾವ, ಇನ್ನೊಂದು ಕೂದಲೆಳೆ ಒಳಗೆ." ಇವರು ಸರಿಸಿದರು. "ಈಗ ನಡುಮಧ್ಯೆ. ಕಚ್ಚು ಸರಿಯಾಗಿದೆ." ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು, ಇಬ್ಬರ ಕೈಯೂ ಒಂದೇ ಬಣ್ಣವಾಗಿತ್ತು.

ಭಾನುವಾರ ಓಟಕ್ಕೆ ಹೊರಡುವಾಗ ಶೆಡ್ಡಿಗೆ ಬೀಗ ಹಾಕಲು ಹೋದೆ. ಗೋಡೆಯಲ್ಲಿ ಚೀಟಿಯಿದ್ದ ಕಡೆ ಚೌಕನೆಯ ಬಿಳಿ ಜಾಗ ಮಾತ್ರ ಕಂಡಿತು.

"ಚೀಟಿ ಎಲ್ಲಿ ರೀ?"

"ಜಾಗ ಬೇಕಲ್ಲ" ಎಂದರು ಇವರು, ಅಂಗಿಯ ಜೇಬು ಮುಟ್ಟಿಕೊಂಡು.

ನಾವು ಗುಡ್ಡದ ಮೇಲೆ ಗೆರೆಯ ಪಕ್ಕದಲ್ಲೇ ನಿಂತೆವು. ಕಾರು ಕಾಣುವ ಮೊದಲು ಸದ್ದು ಬಂತು. ಕೊನೆಯ ತಿರುವು ದಾಟಿ ನೇರ ದಾರಿಗೆ ಬಿದ್ದಾಗ ಇವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಮೂರನೆಯ ಗೇರಿನ ಕೂಗು ಏರಿತು, ಇನ್ನೂ ಏರಿತು. ಹೋದ ವರ್ಷ ಕೂಗು ನಿಂತಿದ್ದ ಕಂಬದ ಬಳಿ ಇವರು ಕಣ್ಣು ಮುಚ್ಚಿದರು. ಕೂಗು ನಿಲ್ಲಲಿಲ್ಲ. ಗೆರೆ ದಾಟುವವರೆಗೂ ಅದೇ ಗೇರು.

ಸೊಸೆ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಚೀಟಿ ಹಿಡಿದು ನಡೆದುಬಂದಳು. ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ. ಚೀಟಿಯನ್ನು ಇವರ ಕೈಗಿಟ್ಟಳು. ಒಂದು ನಿಮಿಷ ಐವತ್ತೊಂದು ಪಾಯಿಂಟ್ ಆರು.

"ಹೇಳಿ ಮಾವ, ಇದು ದೊಡ್ಡದಾ, ಚಿಕ್ಕದಾ?"

ಇವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು, ತುಂಬ ಹೊತ್ತು ಒರೆಸಿದರು. "ನಿನ್ನ ಲೆಕ್ಕದಲ್ಲಿ ಚಿಕ್ಕದು" ಎಂದರು. "ನನ್ನ ಲೆಕ್ಕದಲ್ಲಿ ನೋಡಮ್ಮ, ಬಹಳ ದೊಡ್ಡದು."