ಶೆಟ್ಟರ ಲಾರಿಗೆ ಕಪ್ಪಾಗುವ ಎಣ್ಣೆ

ಎಣ್ಣೆಯ ವಿಷಯದಲ್ಲಿ ತನ್ನನ್ನು ಯಾರೂ ಏಮಾರಿಸಲಾರರು ಎಂಬುದು ಕೊರಗಪ್ಪ ಶೆಟ್ಟರ ಗಟ್ಟಿ ನಂಬಿಕೆ. ವಡಾಲ ಸ್ಟೇಷನ್ ಪಕ್ಕದ ಅವರ ಹೋಟೆಲಿನಲ್ಲಿ ಬಾಣಲೆಯ ಎಣ್ಣೆ ತುಸು ಕಪ್ಪಾಯಿತೋ, ಅಡುಗೆ ಭಟ್ಟರಿಗೆ ಮಂಗಳಾರತಿ ಆಯಿತೆಂದೇ ಲೆಕ್ಕ. ಹೋಟೆಲು ಕೈಹಿಡಿದ ಮೇಲೆ, ಬಂದರಿನಿಂದ ಪುಣೆಗೆ ಮಾಲು ಸಾಗಿಸಲೆಂದು ಅವರು ಡೀಸೆಲ್ ಲಾರಿಯೊಂದನ್ನು ಕೊಂಡರು. ಅದರ ಎಣ್ಣೆಗೂ ಬಾಣಲೆಯ ಕಾನೂನೇ ಅಂದುಕೊಂಡರು. ಪಾಪ, ಎಡವಿದ್ದು ಅಲ್ಲೇ.

ಲಾರಿಯ ಡ್ರೈವರ್ ಐತ ಅವರದೇ ಊರಿನವನು. ಎಂಜಿನ್ನಿಗೆ ಎಣ್ಣೆ ಆರಿಸಲು ಇಬ್ಬರೂ ಅಂಗಡಿಗೆ ಹೋದಾಗ ಶೆಟ್ಟರು ಎರಡು ಬಗೆಯ ಎಣ್ಣೆಯನ್ನೂ ಬೆರಳಲ್ಲಿ ತಿಕ್ಕಿ, ಮೂಸಿ, ಮೊದಲಿನಿಂದ ಹಾಕುತ್ತಿದ್ದ ಸಾದಾ ಎಣ್ಣೆಯೇ ಸಾಕೆಂದರು. ಐತ ಹೊಸದಾಗಿ ಬಂದ ಡಬ್ಬಿಯನ್ನು ಕೈಯಿಂದ ಬಿಡಲಿಲ್ಲ.

"ಧಣಿ, ಡೀಸೆಲ್ ಎಂಜಿನ್ನಿನ ಹೊಟ್ಟೆಯಲ್ಲಿ ಮಸಿ ಕಟ್ತದೆ. ಸಾದಾ ಎಣ್ಣೆ ಅದನ್ನು ಅಲ್ಲೇ ಬಿಡ್ತದೆ, ಇದು ತೊಳೀತದೆ. ಘಾಟಿ ಹತ್ತುವ ಲಾರಿಗೆ ಇದೇ ಆಗ್ಬೇಕು."

ರೇಟು ಜಾಸ್ತಿ ಅಂತ ಗೊಣಗಿಕೊಂಡೇ ಶೆಟ್ಟರು ಒಪ್ಪಿದರು. ಎಂಜಿನ್ನಿಗೆ ಅದನ್ನು ಸುರಿದದ್ದು ಐತನೇ.

ಲಾರಿ ಪುಣೆಗೆ ಹೋಗಿ ಬಂದದ್ದೇ ತಡ, ಎಂಜಿನ್ನಿನಿಂದ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ನೋಡಿದರು. ಜೇನಿನಂತಿದ್ದ ಎಣ್ಣೆ ಕಾಡಿಗೆಯಾಗಿತ್ತು. ಶೆಟ್ಟರ ಪಿತ್ತ ನೆತ್ತಿಗೇರಿತು. ಕಡ್ಡಿ ಹಿಡಿದುಕೊಂಡೇ ಹೋಟೆಲಿಗೆ ನುಗ್ಗಿ, ಚಾ ಕುಡಿಯುತ್ತಿದ್ದ ಐತನ ಮೇಲೆ ಗಿರಾಕಿಗಳೆಲ್ಲರ ಎದುರೇ ಹಾರಾಡಿದರು.

"ಒಳ್ಳೆ ಎಣ್ಣೆ ಮಾರಿ ಹಳತು ಸುರಿದಿದ್ದೀಯಲ್ಲ ಮಾರಾಯ! ಎಣ್ಣೆ ವಿಷಯ ನನಗೆ ಕಲಿಸ್ತೀಯಾ?"

ಐತ ಲೋಟ ಕೆಳಗಿಟ್ಟ. ಈ ಪರವೂರಿನಲ್ಲಿ ಅವನಿಗೆ ಬಂಧುಬಳಗವೆಂದರೆ ಆ ಹೋಟೆಲಿನವರೇ. ಕಳ್ಳನೆನಿಸಿಕೊಂಡು ಅವರ ನಡುವೆ ಕೂತು ಉಣ್ಣುವುದು ಅವನಿಂದಾಗದು.

"ಕದ್ದಿದ್ರೆ ಗಂಟು ಕಟ್ಟಿಕೊಂಡು ಹೋಗ್ತೇನೆ ಧಣಿ. ಆದ್ರೆ ಒಮ್ಮೆ ಎಣ್ಣೆ ನೀವೇ ಹಾಕಿ, ನೀವೇ ಜೊತೆಗೆ ಬನ್ನಿ. ಆಗಲೂ ಕಪ್ಪಾದ್ರೆ ಈಗ ಹೇಳಿದ ಮಾತನ್ನು ಇಲ್ಲೇ, ಇವರೆದುರೇ ವಾಪಸು ತಗೊಳ್ಬೇಕು."

"ಆಯ್ತು, ನೋಡಿಯೇ ಬಿಡುವ!"

ಮರುದಿನ ಬೆಳಿಗ್ಗೆ ಎಂಜಿನ್ನಿನ ಎಣ್ಣೆ ಇಳಿಸಿ, ಹೊಸ ಡಬ್ಬಿಗಳ ಮೊಹರು ಶೆಟ್ಟರೇ ಒಡೆದು ಸುರಿದರು. ಎಂಜಿನ್ನನ್ನು ಮುಚ್ಚುವ ಬಾನೆಟ್ಟಿಗೆ ಹೋಟೆಲಿನ ಉಗ್ರಾಣದ ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಉಗ್ರಾಣ ಬಾಯಿ ತೆರೆದುಕೊಂಡೇ ಉಳಿಯಿತು, ಅದರ ಚಿಂತೆ ಅವರಿಗಿರಲಿಲ್ಲ. ಪುಣೆ ದಾರಿಯ ಖಂಡಾಳದ ಘಾಟಿಯಲ್ಲಿ ಎಂಜಿನ್ನಿಗೆ ನೀರು ಕುಡಿಸಬೇಕಾದಾಗಲೆಲ್ಲ ತಾವೇ ಬೀಗ ತೆಗೆದು, ತಾವೇ ನೀರು ಹುಯ್ದು, ಮತ್ತೆ ಬೀಗ ಹಾಕಿದರು. ಇಸ್ತ್ರಿಯ ಬಿಳಿ ಅಂಗಿ ಮಸಿಯಾಯಿತು. ದಾರಿಬದಿಯಲ್ಲಿ ಇಳಿಯಲೇಬೇಕಾಗಿ ಬಂದಾಗ ಐತನನ್ನೂ ಇಳಿಸಿ, ಅವನ ಕೈ ಹಿಡಿದುಕೊಂಡೇ ನಿಂತರು.

ಮಾಲು ಇಳಿಸಿ ವಡಾಲಕ್ಕೆ ಮರಳಿದಾಗ ಗಿರಾಕಿಗಳು ಚಾ ಬಿಟ್ಟು ಹೊರಗೆ ಬಂದರು. ಶೆಟ್ಟರು ಗತ್ತಿನಿಂದ ಬೀಗ ತೆಗೆದು ಕಡ್ಡಿ ಎಳೆದರು. ಕಾಡಿಗೆಯೇ! ಒರೆಸಿ ಮತ್ತೆ ಅದ್ದಿದರು. ಆಗಲೂ ಕಾಡಿಗೆಯೇ. ಬೈಯಲು ಈ ಸಲ ಯಾರೂ ಸಿಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಶೀಲಾವತಿ ಗಂಡನ ಅಂಗಿಯನ್ನೇ ನೋಡುತ್ತಿದ್ದಳು. "ಅದನ್ನು ಬಿಚ್ಚಿ ಕೊಡಿ ಇಲ್ಲಿ. ಮಸಿ ತೊಳೆದ ನೀರು ಕಪ್ಪಾದ್ರೆ ಸಾಬೂನಿನ ಮೇಲೂ ಕಂಪ್ಲೇಂಟ್ ಕೊಡ್ತೀರಾ?"

ಗಿರಾಕಿಗಳು ಗೊಳ್ಳೆಂದರು. ಐತ ಮಾತ್ರ ನಗಲಿಲ್ಲ. ಆ ಮುಖ ನೋಡಿ ಶೆಟ್ಟರು ಕಡ್ಡಿಯನ್ನು ಅದರ ಜಾಗಕ್ಕೆ ಸೇರಿಸಿದರು. ಒಳಗೆ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದರು.

"ಐತ ಕದ್ದವನಲ್ಲ. ಬಾಯಿಗೆ ಬಂದದ್ದು ಹೇಳಿದ್ದು ನಾನು. ತಪ್ಪಾಯ್ತು ಮಾರಾಯ."

ಆಮೇಲೆ ಬಾಣಲೆಯಿಂದ ಆಗಷ್ಟೇ ತೆಗೆದ ಬಿಸಿ ಗೋಳಿಬಜೆಯ ತಟ್ಟೆಯನ್ನು ತಾವೇ ತಂದು ಅವನ ಮುಂದಿಟ್ಟರು. ಐತ ಮುಟ್ಟಲಿಲ್ಲ. ಎದ್ದು ನಿಂತ. ಹೊರಟೇಬಿಟ್ಟನಲ್ಲ ಎಂದು ಶೆಟ್ಟರು ಬಾಗಿಲಿಗೆ ಅಡ್ಡ ನಿಂತರು.

"ಒಂದು ನಿಮಿಷ ಧಣಿ, ಎಣ್ಣೆ ನೋಡಿ ಬರ್ತೇನೆ."

ಸೀದಾ ಅಡುಗೆಮನೆಗೆ ಹೋಗಿ ಬಾಣಲೆಗೆ ಬಗ್ಗಿದ. ಶೆಟ್ಟರು ಕಾದರು. ಐತ ಗಂಭೀರವಾಗಿ ಮರಳಿ ಬಂದು ತನ್ನ ಜಾಗದಲ್ಲಿ ಕೂತ.

"ಕಪ್ಪಾಗಲಿಲ್ಲ, ತಿನ್ಬಹುದು," ಎಂದು ಗೋಳಿಬಜೆ ಮುರಿದು ಚಟ್ನಿಗೆ ಅದ್ದಿದ.