ಶಾಣ್ಯಾನ ಡಬ್ಬಿ, ಮಂಗ್ಯಾನ ಡಬ್ಬಿ

ತುಳಸಾಬಾಯಿಯವರ ನಾಲಿಗೆಗೆ ಎರಡು ವರ್ಷದಿಂದ ಕೆಲಸವಿರಲಿಲ್ಲ. ಅವರು ಕಲಿಸುತ್ತಿದ್ದ ಕನ್ನಡ ಶಾಲೆ ಮಕ್ಕಳಿಲ್ಲದೆ ಬಾಗಿಲು ಹಾಕಿತ್ತು. ತೆಲುಗು ನಾಡಿನ ಮಲ್ಕಾಜ್‌ಗಿರಿಯ ಮನೆಯಲ್ಲಿ ಬೈಯಲು ಉಳಿದದ್ದು ಹಾಲಿನವನು ಮತ್ತು ಸೀಲಿಂಗ್ ಫ್ಯಾನು. ಹಾಲಿನವನಿಗೆ ಕನ್ನಡ ಬಾರದು, ಫ್ಯಾನಿಗೆ ಬುದ್ಧಿ ಬಾರದು. ದಿನಕ್ಕೆ ನಾಲ್ಕು ಮಕ್ಕಳನ್ನಾದರೂ ಗದರದಿದ್ದರೆ ಉಂಡದ್ದು ಮೈಗೆ ಹತ್ತದ ಹೆಂಗಸು ಅವರು.

ಹಾಗಾಗಿ ತಂಗಿಯ ಮೊಮ್ಮಗ ಕೌಸ್ತುಭ ಬಂದು, "ಅಜ್ಜಿ, ನಮ್ಮ ಕಂಪನಿ ಪಾಠ ಹೇಳೋ ಮಷೀನ್ ಮಾಡ್ಲಿಕ್ಕತ್ತದ, ಅದಕ್ಕ ನಿಮ್ಮ ವಾಯ್ಸ್ ಬೇಕು" ಎಂದಾಗ ನಿಂತ ನಿಲುವಿನಲ್ಲೇ ಹೊರಟರು. ಉಪ್ಪಲ್‌ನಲ್ಲಿ ಹೊಸ ಐಟಿ ಪಾರ್ಕ್ ಕಟ್ಟುತ್ತಿದ್ದ ಯಾದಗಿರಿ, ರಾಯಚೂರು ಕಡೆಯ ಕೂಲಿಗಳ ಮಕ್ಕಳಿಗೆ ತಗಡಿನ ಶೆಡ್ಡಿನಲ್ಲೊಂದು ಶಾಲೆ ಇತ್ತು. ಅಲ್ಲಿಗೆ ಮಾತಾಡುವ ಟ್ಯಾಬ್ಲೆಟ್ ಬರುವುದಿತ್ತು. ಲೆಕ್ಕ ಕೇಳುವುದು, ಉತ್ತರ ಸರಿಯಿದ್ದರೆ ಹೊಗಳುವುದು, ತಪ್ಪಿದ್ದರೆ ಗದರುವುದು ಎಲ್ಲ ಅದರದೇ ಕೆಲಸ. ತುಳಸಾಬಾಯಿ ಗಾಜಿನ ಕೋಣೆಯಲ್ಲಿ ಕೂತು, ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕಣ್ಣ ಮುಂದೆ ತಂದುಕೊಂಡು, ಹೊಗಳಿದ್ದೇ ಹೊಗಳಿದ್ದು, ಬೈದದ್ದೇ ಬೈದದ್ದು. ಆ ವಾರ ಊಟ ಮೈಗೆ ಹತ್ತಿತು.

ಆ ಮಾತುಗಳನ್ನು ಮಷೀನಿನೊಳಗಿನ ಎರಡು ಡಬ್ಬಿಗೆ ಹಾಕುವುದು ಕೌಸ್ತುಭನ ಪಾಲಿಗೆ ಬಂತು. ಒಂದು ಹೊಗಳಿಕೆಯ ಡಬ್ಬಿ, ಇನ್ನೊಂದು ಬೈಗುಳದ್ದು. ಹುಡುಗ ತೆಲುಗಿನಲ್ಲಿ ಬೆಳೆದವನು, ಅವನ ಕನ್ನಡ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಅನುಮಾನ ಬಂದು ಫೋನ್ ಮಾಡಿದ.

"ಅಜ್ಜಿ, ಶಾಣ್ಯಾ ಅಂದ್ರ ಜಾಣ, ಹೌದಲ್ಲ?"

"ಹೂಂ."

"ಮಂಗ್ಯಾ ಅಂದ್ರ ಕೋತಿ?"

"ಮತ್ತೇನು, ಆನಿ ಏನು? ಫೋನ್ ಇಡು, ಬ್ಯಾಳಿ ಉಕ್ಕಲಿಕ್ಕತ್ತದ."

ಬೇಳೆಯೂ ಉಕ್ಕಿತು, ಕೆಲಸವೂ ಕೆಟ್ಟಿತು.

ಪರೀಕ್ಷೆಯ ದಿನ ಕಂಪನಿಯ ಮುಖ್ಯಸ್ಥ ಪದ್ಮನಾಭ ತುಳಸಾಬಾಯಿ, ಕೌಸ್ತುಭರ ಜೊತೆ ಶೆಡ್ಡಿಗೆ ಬಂದರು. ಮೈಸೂರಿನ ಮೃದು ಮಾತಿನ ಮನುಷ್ಯ. "ಮಕ್ಕಳು ಕಲಿತರೆ ನಿಮ್ಮ ಧ್ವನಿಯೇ ಇರಲಿ ಅಮ್ಮಾ. ಇಲ್ಲದಿದ್ದರೆ ಬೇರೆ ಒಂದು ಸಿಹಿ ಧ್ವನಿ ತಯಾರಿದೆ" ಎಂದರು. ಮತ್ತೆ ಆ ಫ್ಯಾನಿನ ಕೆಳಗೆ ಬಾಯಿ ಮುಚ್ಚಿಕೊಂಡು ಕೂರುವುದನ್ನು ನೆನೆಯಲೂ ತುಳಸಾಬಾಯಿಯವರಿಂದ ಆಗಲಿಲ್ಲ.

ಮೊದಲು ಚನ್ನು ಎಂಬ ಹುಡುಗ ಎದ್ದು ನಿಂತ. ಏಳಕ್ಕೆ ಐದು ಕೂಡಿಸಿದರೆ ಎಷ್ಟು ಎಂದು ಮಷೀನು ಕೇಳಿತು. "ಹನ್ನೆರಡು" ಎಂದ. ಮಷೀನು ತುಳಸಾಬಾಯಿಯ ದನಿಯಲ್ಲಿ ಒಂದೊಂದೇ ಅಕ್ಷರ ಎಳೆದು, "ಅಬ್ಬಬ್ಬಾ, ಭಾಳ ಶಾಣ್ಯಾ ಇದ್ದಿ ಬಿಡಪಾ" ಎಂದಿತು.

ಆ ಕಡೆಯ ಯಾವ ಕೂಸಿಗಾದರೂ ಈ ಮಾತಿನ ಅರ್ಥ ಗೊತ್ತು. ಇದಾದ ಮೇಲೆ ಬೆನ್ನಿಗೆ ಗುದ್ದು ಬೀಳುತ್ತದೆ. ಚನ್ನುವಿನ ಮುಖ ಹುಳ್ಳಗಾಯಿತು. "ಅಲ್ರಿ, ಹದಿಮೂರು" ಎಂದ.

"ಏ ಮಂಗ್ಯಾ," ಎಂದಿತು ಮಷೀನು, ಈಗ ಬೆಲ್ಲದಂಥ ದನಿಯಲ್ಲಿ. "ನನ್ನ ಮಂಗ್ಯಾ, ಬಾ ಇಲ್ಲೆ."

ಚನ್ನು ಹಿಗ್ಗಿ ಹೀರೇಕಾಯಿಯಾದ. ಅವನನ್ನು ನೋಡಿ ಉಳಿದವರೂ ಮಂಗ್ಯಾ ಆಗಲು ಮುಗಿಬಿದ್ದರು. ಎಂಟಕ್ಕೆ ಎರಡು ಕೂಡಿಸಿ ಒಬ್ಬಳು ನಲವತ್ತು ಎಂದಳು, ಇನ್ನೊಬ್ಬ ಬಾಳೆಹಣ್ಣು ಎಂದ. ಹಟ ಹಿಡಿದು ಸರಿಯಾದ ಉತ್ತರವನ್ನೇ ಹೇಳಿದ ಗುರುದೇವಿ ಎಂಬ ಹುಡುಗಿ ಮಾತ್ರ ಮೂಲೆಗೆ ಹೋಗಿ ಅಳುತ್ತ ಕೂತಳು.

"ಮಕ್ಕಳೇನೋ ಖುಷಿಯಾಗಿದ್ದಾರೆ, ಲೆಕ್ಕ ಮಾತ್ರ ತಲೆಕೆಳಗಾಗಿದೆ" ಎಂದರು ಪದ್ಮನಾಭ. "ಕ್ಷಮಿಸಿ ಅಮ್ಮಾ, ಧ್ವನಿ ಬದಲಾಯಿಸೋಣ."

"ತಡೀರಿ ಸರ, ಡಬ್ಬಿ ಅದಲಬದಲ ಆಗ್ಯಾವ," ಎಂದರು ತುಳಸಾಬಾಯಿ. "ನಂದೂ ತಪ್ಪು ಅದರಿ, ಬ್ಯಾಳಿ ಧ್ಯಾನದಾಗ ಹೂಂ ಅಂದುಬಿಟ್ಟೆ. ಹಂಗ ಎಳದು ಶಾಣ್ಯಾ ಅಂದ್ರ ಅದು ಬೈಗುಳ. ಹಂಗ ಕರದು ಮಂಗ್ಯಾ ಅಂದ್ರ ಅದು ಮುದ್ದು."

"ಜಾಣ ಅಂದರೆ ಬೈಗುಳವೇ?"

"ಹೂಂನ್ರಿ."

"ಕೋತಿ ಅಂದರೆ ಮುದ್ದೇ?"

"ಹೂಂನ್ರಿ."

ಪದ್ಮನಾಭ ತಲೆಗೆ ಕೈ ಹಚ್ಚಿ ಕೂತರು. ಅಷ್ಟರಲ್ಲಿ ಕೌಸ್ತುಭ ಎರಡೂ ಡಬ್ಬಿಗಳನ್ನು ಅತ್ತಿತ್ತ ಮಾಡಿ ಮತ್ತೆ ಚನ್ನುವನ್ನು ನಿಲ್ಲಿಸಿದ. ಚನ್ನು ಎದೆ ಉಬ್ಬಿಸಿ ಹದಿಮೂರು ಎಂದ. ಭಾಳ ಶಾಣ್ಯಾ ಅನ್ನಿಸಿಕೊಂಡು ತಲೆ ಕೆರೆದುಕೊಂಡ. ಬೆರಳು ಮಡಚಿ ಎಣಿಸಿ ಹನ್ನೆರಡು ಎಂದು ಮಂಗ್ಯಾ ಆದ. ಆಮೇಲೆ ಶೆಡ್ಡಿನಲ್ಲಿ ಎಣಿಸದ ಬೆರಳೇ ಇರಲಿಲ್ಲ. ಗುರುದೇವಿ ಕಣ್ಣೊರೆಸಿಕೊಂಡು ಬಂದು, "ನಂದು ಮೊದಲಿನ ಮಂಗ್ಯಾ ಬಾಕಿ ಐತ್ರಿ" ಎಂದು ಮಷೀನಿನ ಮುಂದೆ ಕೂತಳು. ಅದು ಹೇಳುವವರೆಗೂ ಏಳಲಿಲ್ಲ.

ತುಳಸಾಬಾಯಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದರು. "ಮತ್ತ ನಾ ಮನೀಗೆ ಹೋಗ್ಲೇನ್ರಿ ಸರ?"

ಪದ್ಮನಾಭ ಎದ್ದು ನಿಂತರು. ಹೊಸದಾಗಿ ಕಲಿತದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು, ಕೈ ಮುಗಿದು, ಭಾರೀ ಗೌರವದಿಂದ ಹೇಳಿದರು.

"ಹೋಗಬೇಡಿ. ನಾಳೆಯಿಂದ ದಿನಾ ಬನ್ನಿ, ಮಂಗ್ಯಾ ಅವರೇ."

ಕೌಸ್ತುಭ ನಾಲಿಗೆ ಕಚ್ಚಿಕೊಂಡ. ತುಳಸಾಬಾಯಿಯವರ ಕಣ್ಣು ತುಂಬಿ ಬಂತು. ಅಪ್ಪ ತೀರಿಕೊಂಡ ಮೇಲೆ ಅವರನ್ನು ಯಾರೂ ಹಾಗೆ ಕರೆದಿರಲಿಲ್ಲ. ಊರ ಮಕ್ಕಳಿಗೆಲ್ಲ ಹಂಚಿದ ಮಾತು ಒಮ್ಮೆ ತಮ್ಮ ಮನೆಗೂ ಬಂತಲ್ಲ ಎಂದು ಹಿಗ್ಗಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು, ಮೂಗೊರೆಸಿಕೊಂಡರು, ಕನ್ನಡಕ ಸರಿಮಾಡಿಕೊಂಡು ಪದ್ಮನಾಭರನ್ನು ಮೇಲಿಂದ ಕೆಳಗೆ ನೋಡಿದರು.

"ಮಂಗ್ಯಾನ ಹಿಂದ 'ಅವರೇ' ಹಚ್ಚಬಾರದ್ರಿ," ಎಂದರು. "ಕೈ ಕೆಳಗ ಬಿಡ್ರಿ, ನೆಟ್ಟಗ ನಿಂದರ್ರಿ. ಇನ್ನೊಮ್ಮೆ ಹೇಳ್ರಿ, ನೋಡೂಣು."